ಸೊನ್ನೆಯಿಂದ ಹತ್ತರೊಳಗೆ

ಚರ್ಮರೋಗದ ಹೊಸ ಮುಲಾಮನ್ನು ಪರೀಕ್ಷಿಸುತ್ತಿರುವ ಈ ಡಾಕ್ಟರಿಗೆ ಆಸ್ಪತ್ರೆಯವರು ಇಟ್ಟಿರುವ ಹೆಸರು ನಂಬರ್ ಡಾಕ್ಟರು. ರೋಗಿ ಕುರ್ಚಿಯಲ್ಲಿ ಕೂರುವ ಮೊದಲೇ ಅವರ ಪ್ರಶ್ನೆ ಬಂದು ಕೂತಿರುತ್ತದೆ: "ತುರಿಕೆ ಎಷ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಹೇಳಿ." "ಬರುವಾಗ ಮೂರಿತ್ತು ಸಾರ್, ನೀವು ಕೇಳಿದ್ಮೇಲೆ ಏಳಾಯ್ತು" ಎಂದು ಯಾರಾದರೂ ಅಂದರೆ ಮುಗಿಯಿತು, ಯಾವುದನ್ನು ಬರೆಯುವುದೆಂದು ತಿಳಿಯದೆ ಪೆನ್ನಿನ ತುದಿಯಿಂದ ತಲೆ ಕೆರೆದುಕೊಳ್ಳುತ್ತಾರೆ. ಅರ್ಧ ಜನಕ್ಕೆ ಕೊಟ್ಟ ಟ್ಯೂಬಿನಲ್ಲಿ ಔಷಧಿಯಿದೆ, ಉಳಿದವರದರಲ್ಲಿ ಬರೀ ಬಿಳಿ ಮುಲಾಮು. ಯಾರದು ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ, ಪರೀಕ್ಷೆ ಮುಗಿಯುವವರೆಗೆ ಗೊತ್ತಾಗಲೂ ಕೂಡದು. ಈ 'ಗೊತ್ತಿಲ್ಲ' ಎನ್ನುವುದು ಮೈಗೇ ಹತ್ತಿಹೋಗಿ, ತಮ್ಮ ಊಟ ಆಯಿತೋ ಇಲ್ಲವೋ ಎಂಬುದನ್ನೂ ಹೆಂಡತಿಯನ್ನೇ ಕೇಳುತ್ತಾರೆ. ಆಕೆ ಸಿಡುಕಿದರೆ, "ಸಿಟ್ಟು ಎಷ್ಟು, ಹತ್ತರೊಳಗೆ?" ಎನ್ನುತ್ತಾರೆ. "ನಿಮ್ಮ ಹತ್ತು ಸಾಲಲ್ಲ ರೀ" ಎಂದು ಆಕೆ ಒಳಗೆ ಹೋಗುತ್ತಾಳೆ. ಎಂಥ ಬಿಸಿಲಿದ್ದರೂ ತುಂಬುತೋಳಿನ ಅಂಗಿ, ಮಣಿಕಟ್ಟಿಗೆ ಬಿಗಿದ ಗುಂಡಿ; ಅದು ಡಾಕ್ಟರ ಶಿಸ್ತು ಎಂದೇ ಎಲ್ಲರೂ ನಂಬಿದ್ದರು. ಮೊನ್ನೆ ಅಜ್ಜಿಯೊಬ್ಬರ ಮೊಣಕೈಯ ಕಲೆಗೆ ಅಳತೆಪಟ್ಟಿ ಹಿಡಿದಾಗ ಆ ಗುಂಡಿ ಕಿತ್ತುಬಂತು. ಅಂಗಿಯ ತೋಳು ಸರಿದ ಕಡೆ ಅದೇ ಕೆಂಪು ಕಲೆ, ಅದೇ ಬಿಳಿ ಹೊಟ್ಟು, ಮೇಲೆ ಹಸಿ ಉಗುರುಗೀರುಗಳು. ಅಜ್ಜಿ ಆ ಕೈಯನ್ನು ಹಿಡಿದುಕೊಂಡು, "ನಿಂದೆಷ್ಟಪ್ಪಾ?" ಎಂದರು. ನಂಬರ್ ಡಾಕ್ಟರು ತಮ್ಮ ಕಲೆಯನ್ನೇ ನೋಡಿದರು. "ಗೊತ್ತಿಲ್ಲ ಅಜ್ಜೀ," ಎಂದರು, "ನನ್ನನ್ನ ಯಾರೂ ಕೇಳೇ ಇಲ್ಲ."