ಕಾಡಿಗೆ ಕಣ್ಣಿನ ಗಣಿಯಾಳು

ಐವತ್ತರ ದಶಕದ ಕೊನೆಯಲ್ಲಿ ಬಂಗಾರಪೇಟೆ ಸ್ಟೇಷನ್ನಿನ ಎದುರಿನ ಲಾಡ್ಜೊಂದರಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಕಸ ಗುಡಿಸಿದ್ದಕ್ಕಿಂತ ಗೊಂಬೆ ಒರೆಸಿದ್ದೇ ಹೆಚ್ಚು. ಸಾಹುಕಾರರಿಗೆ ಗೊಂಬೆಗಳ ಹುಚ್ಚು. ಹಜಾರದಲ್ಲಿ ಕೊಡ ಹೊತ್ತ ಹೆಂಗಸು, ಒಂದೊಂದು ರೂಮಿನಲ್ಲೂ ಜಿಂಕೆಯೋ ಗಿಳಿಯೋ, ಮೆಟ್ಟಿಲ ತಿರುವಿನಲ್ಲಿ ಟೋಪಿಗೆ ದೀಪ ಸಿಕ್ಕಿಸಿಕೊಂಡ ಆಳೆತ್ತರದ ಗಣಿಯಾಳು. ತಂಗಲು ಬಂದವರು ಜಿಂಕೆಯ ಕೊಂಬಿಗೆ ಒದ್ದೆ ಟವೆಲು ನೇತುಹಾಕುತ್ತಿದ್ದರು, ಕೊಡದೊಳಗೆ ಬೀಡಿ ತುಂಡು ಎಸೆಯುತ್ತಿದ್ದರು. ಇದೆಲ್ಲ ಕಣ್ಣಿಗೆ ಹಬ್ಬ ಎಂದು ಸಾಹುಕಾರರು ಹೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಹಬ್ಬ ಅವರದು, ಸೊಂಟ ನನ್ನದು.

ಗೊಂಬೆ ಮಾಡಿದವನು ಕ್ಯಾಸಂಬಳ್ಳಿ ಕಡೆಯ ಮುದುಕ. ಊರದೇವರ ಮೂರ್ತಿ ಮಾಡುವ ಮನೆತನದವನು. ಎಲ್ಲ ಮುಗಿಸಿ, ಬಣ್ಣ ಬಳಿದು, ಕಣ್ಣು ಮಾತ್ರ ಬರೆಯದೆ ಬಿಟ್ಟ. ಯಾಕೆಂದು ಸಾಹುಕಾರರು ಕೇಳಿದರು.

"ಕಣ್ಣು ತೆರಸಿದ್ರೆ ಜೀವ ಬತ್ತದೆ ಸೋಮಿ. ಆಮ್ಯಾಕೆ ದಿನಾ ಎಡೆ ಇಕ್ಬೇಕು. ಲಾಡ್ಜಲ್ಲಿ ಯಾರ್ ಇಕ್ತಾರೆ?" ಎಂದವನೇ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟ.

ಜಿಂಕೆ, ಗಿಳಿಗಳಿಗೆ ಕಣ್ಣಿಲ್ಲವೆಂದು ಯಾರೂ ದೂರಲಿಲ್ಲ. ಆದರೆ ಮೆಟ್ಟಿಲ ಗಣಿಯಾಳನ್ನು ಕಂಡು ಮಗುವೊಂದು ಕಿಟಾರನೆ ಕಿರುಚಿ, ಅದರ ಅಪ್ಪ ಅಮ್ಮ ರೂಮೇ ಬಿಟ್ಟು ಹೋದರು.

"ಕುರುಡನ್ನ ನೋಡಿದ್ರೆ ಗಿರಾಕಿ ನಿಲ್ಲಲ್ಲಮ್ಮ, ನೀನೇ ಏನಾದ್ರೂ ಬಳಿ" ಎಂದರು ಸಾಹುಕಾರರು.

ಮನೆಯಿಂದ ಕಾಡಿಗೆ ತಂದು ಎರಡು ಕಣ್ಣು ಬರೆದೆ. ಕೆಲಸ ಮುಗಿದರೆ ಸಾಕಾಗಿತ್ತು. ಹಿಂದೆ ಸರಿದು ನೋಡಿದರೆ ಅವನು ನನ್ನನ್ನೇ ನೋಡುತ್ತಿದ್ದ. ಮುದುಕನ ಮಾತು ನೆನಪಾದದ್ದು ಆಗ.

ನಮ್ಮ ಯಜಮಾನರೂ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ನೆಲದೊಳಗೆ ಇಳಿಯುವ ಆಳು. ಅದೇ ಟೋಪಿ, ಅದೇ ದೀಪ. ಇವನನ್ನು ಉಪವಾಸ ಕೆಡವಿದರೆ ಅವರಿಗೇನಾದರೂ ಆದೀತೆಂಬ ಭಯ ಹೊಕ್ಕಿತು. ಅಂದಿನಿಂದ ನನ್ನ ಬುತ್ತಿಯ ಮುದ್ದೆಯಲ್ಲಿ ಒಂದು ತುಣುಕು ಮುರಿದು ಅವನ ಪಾದದ ಬಳಿ ಇಡುತ್ತಿದ್ದೆ. ಕಾಡಿಗೆ ಮಾಸಿದರೆ ಮತ್ತೆ ತೀಡುತ್ತಿದ್ದೆ. ಮನೆಯಲ್ಲಿ ಉಣ್ಣುವ ಬಾಯಿ ಸಾಲದು ಅಂತ ಇದೊಂದು ಬೇರೆ ಎಂದು ಬೈದುಕೊಂಡೇ ಇಡುತ್ತಿದ್ದೆ.

ಒಮ್ಮೆ ಜ್ವರ ಬಂದು ಹೋಗಲಾಗಲಿಲ್ಲ. ಅಂದೇ ಮಧ್ಯಾಹ್ನ ನೆಲದಾಳದಲ್ಲಿ ಬಂಡೆ ಸಿಡಿದು ಗಣಿಯಾಳುಗಳ ಲೈನಿನಲ್ಲಿದ್ದ ನಮ್ಮ ಮನೆಗಳೆಲ್ಲ ಅದುರಿದವು. ಗಣಿಯ ಬಾಗಿಲಲ್ಲಿ ಉಳಿದ ಹೆಂಗಸರ ಜೊತೆ ನಿಂತು ಕಾದೆ. ನಮ್ಮವರು ಮೇಲೆ ಬಂದರು, ಪಕ್ಕದ ಮನೆಯಾಕೆಯ ಗಂಡ ಬರಲಿಲ್ಲ.

ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ತಂಗಿಯ ಮದುವೆಯ ದಿನವೂ ಮೊದಲು ಅವನಿಗೆ ಎಡೆ ಇಟ್ಟು, ಆಮೇಲೆ ಧಾರೆಗೆ ಓಡಿದೆ. ಮನುಷ್ಯರ ಮೈಗೆ ಇಷ್ಟು ದಣಿವು ಬರಬಹುದೆಂದು ಗೊತ್ತಿರಲಿಲ್ಲ. ಬಂಗಾರಪೇಟೆಗೆ ಹೋಗುವ ಬೆಳಗಿನ ರೈಲಿನಲ್ಲಿ ನಿಂತೇ ನಿದ್ದೆ ಹೋಗುತ್ತಿದ್ದೆ. ಯಜಮಾನರಿಗೆ ಮಾತ್ರ ಬಾಯಿ ಬಿಡಲಿಲ್ಲ. ಹೇಳಿದರೆ ನನ್ನ ಹೆದರಿಕೆಯನ್ನೂ ಹೊತ್ತುಕೊಂಡೇ ಅವರು ಕೆಳಗಿಳಿಯಬೇಕಿತ್ತು.

ಹೀಗೇ ವರ್ಷಗಳು ಕಳೆದು, ಕಲ್ಲಿನ ಧೂಳು ಕುಡಿದು ಕುಡಿದು ಅವರ ಎದೆ ಕೆಟ್ಟಿತು. ಇನ್ನು ಇಳಿಯುವುದು ಬೇಡವೆಂದು ಕೆಲಸದಿಂದ ಬಿಡಿಸಿದರು. ಆ ವಾರ ಔಷಧಿಗೆಂದು ಬಂಗಾರಪೇಟೆಗೆ ಬಂದವರು ನನ್ನನ್ನು ಹುಡುಕಿಕೊಂಡು ಲಾಡ್ಜಿನ ಮೆಟ್ಟಿಲು ಹತ್ತಿದರು. ನಾನು ಬಗ್ಗಿ ಎಡೆ ಇಡುತ್ತಿದ್ದೆ.

"ಇದ್ಯಾಕ್ಲೇ, ಗೊಂಬೆಗೆ ಮುದ್ದೆ?" ಎಂದರು.

ಎಲ್ಲವನ್ನೂ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಗೋಡೆ ಹಿಡಿದು ಕೆಮ್ಮಿದರು. ಉಸಿರು ಕೂಡಿದ ಮೇಲೆ ಹೆಗಲ ಟವೆಲನ್ನು ನನ್ನ ಬಕೆಟ್ಟಿನಲ್ಲಿ ಅದ್ದಿ ಗೊಂಬೆಯ ಕಣ್ಣಿಗೆ ಕೈ ಹಾಕಿದರು. ನಾನು ಗಾಬರಿಯಿಂದ ಅವರ ತೋಳು ಹಿಡಿದೆ.

"ಬಿಡ್ಲೇ. ನಾನ್ ಮೇಲಕ್ ಬಂದಾಯ್ತು. ಇವ್ನೂ ಕಣ್ ಮುಚ್ಚಿ ಮನಿಕ್ಕಳ್ಳಿ."

ಎರಡೂ ಕಣ್ಣು ಒರೆಸಿದರು. ಕಾಡಿಗೆ ಕರಗಿ ಗೊಂಬೆಯ ಕೆನ್ನೆಗಿಳಿಯಿತು, ಅದನ್ನೂ ಒರೆಸಿದರು. ಆಮೇಲೆ ಪಾದದ ಬಳಿಯಿದ್ದ ಮುದ್ದೆಯ ತುಣುಕನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟು, "ನೀನ್ ಉಣ್ಣು" ಎಂದರು.

ದಿನಾ ಒರೆಸಿದ ಆ ಮೆಟ್ಟಿಲ ಮೇಲೆ ನಾನು ಕೂತದ್ದು ಅದೇ ಮೊದಲು. ಮುದ್ದೆ ತಣ್ಣಗಾಗಿ ಗಟ್ಟಿಯಾಗಿತ್ತು. ಅಳುತ್ತಲೇ ನುಂಗಿದೆ.