ತಾನೇ ತಂಪಾಗುವ ಮನೆ

ಆರ್.ಟಿ. ನಗರದ ಮನೆಗೆ ಮಹಡಿ ಕಟ್ಟಿಸಿದಾಗ ಗೋಡೆಗೆ ನೀರು ಹಾಕಿದ್ದು ಗೋದಾ. ಗಾರೆಯವರು ಬರುವ ಮುಂಚೆ ಒಮ್ಮೆ, ಹೋದ ಮೇಲೆ ಒಮ್ಮೆ ಸೆರಗು ಸಿಕ್ಕಿಸಿ, ಪೈಪು ಹಿಡಿದು, ಹಸಿ ಸಿಮೆಂಟು ಬಿರುಕು ಬಿಡದ ಹಾಗೆ ನೆನೆಸಿದ್ದಳು. ಗೃಹಪ್ರವೇಶದ ದಿನ ಗಂಡ ವೇಣುಗೋಪಾಲ ಅದೇ ಗೋಡೆ ತಟ್ಟಿ ನೆಂಟರಿಗೆ ಹೇಳಿದ್ದ: "ನೋಡಿ, ಕೂದಲೆಳೆ ಬಿರುಕಿಲ್ಲ. ಸಿಮೆಂಟ್ ನಾನೇ ನಿಂತು ಸೆಲೆಕ್ಟ್ ಮಾಡಿದ್ದು."

ಹಾಗಾಗಿ ವೇಣುಗೋಪಾಲ ಕಾರ್ಖಾನೆಯ ಕ್ವಾಲಿಟಿ ಕಂಟ್ರೋಲ್ ವಿಭಾಗದಿಂದ ನಿವೃತ್ತನಾಗಿ, ಹಳೆಯ ಮನೆಯನ್ನು ತಮ್ಮನಿಗೆ ಬಿಟ್ಟುಕೊಟ್ಟು, ರಾಜಾನುಕುಂಟೆಯ ಸೈಟಿನಲ್ಲಿ ಫ್ಯಾಕ್ಟರಿಯಲ್ಲೇ ತಯಾರಾಗಿ ಬರುವ ಮನೆ ಕೂರಿಸುತ್ತೇನೆ ಎಂದಾಗ, ಗೋದಾ ಕೇಳಿದ್ದು ಒಂದೇ ಪ್ರಶ್ನೆ.

"ಅದಕ್ಕೂ ನೀರು ಹಾಕ್ಬೇಕಾ?"

"ನೀರೂ ಬೇಡ, ಎಸಿನೂ ಬೇಡ ಕಣೇ. ಗೋಡೆ ಒಳಗೆ ಫೋಮ್ ತುಂಬಿರ್ತಾರೆ. ಕರೆಂಟು ಮೇಲಿನ ಸೋಲಾರ್‌ದೇ. ಮನೆ ತಾನೇ ತಂಪಾಗತ್ತೆ. ಇನ್ಮೇಲೆ ನೀನು ಮಹಾರಾಣಿ ಥರ ಕೂತಿರು."

ಕಂಪನಿಯ ಪುಸ್ತಿಕೆಯಲ್ಲಿ ನಿಜಕ್ಕೂ ಒಬ್ಬ ಹೆಂಗಸು ಸೋಫಾದ ಮೇಲೆ ಕಾಫಿ ಹಿಡಿದು ಕೂತಿದ್ದಳು. ಕಾಫಿ ಮಾಡಿದವರು ಆ ಚಿತ್ರದಲ್ಲಿ ಇರಲಿಲ್ಲ.

ಗೋದಾಗೆ ಕೂರುವ ಆಸೆಯೇನೂ ಇರಲಿಲ್ಲ. ಹೊರಡುವ ಆಸೆ ಇತ್ತು. ಆರ್.ಟಿ. ನಗರದಲ್ಲಿ ಪಕ್ಕದ ಮನೆಯಲ್ಲಿದ್ದ ನೂರ್‌ಜಹಾನ್ ಈಗ ಯಲಹಂಕದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ರವಿಕೆ ಕತ್ತರಿಸಲು ಗೋದಾಳನ್ನು ಕರೆಯುತ್ತಲೇ ಇದ್ದಳು. ಗೋದಾ ಕತ್ತರಿ ಇಟ್ಟರೆ ತೋಳು ಜಗ್ಗುವುದಿಲ್ಲ, ಕುತ್ತಿಗೆ ಬಾಯಿ ಬಿಡುವುದಿಲ್ಲ ಎಂಬುದು ಹಳೆಯ ಬೀದಿಗೆಲ್ಲ ಗೊತ್ತಿತ್ತು. "ಹೇಗೂ ಮನೇಲೇ ಇರ್ತೀರಲ್ಲ" ಎಂದು ಬಟ್ಟೆ ಕೊಟ್ಟು ಹೋದವರೆಷ್ಟೋ. ರವಿಕೆ ತೆಗೆದುಕೊಳ್ಳಲು ಬಂದಾಗ ಅವರು ದುಡ್ಡು ಕೊಡುತ್ತಿರಲಿಲ್ಲ, ಅರಿಶಿನ ಕುಂಕುಮ ತೆಗೆದುಕೊಂಡು ಹೋಗುತ್ತಿದ್ದರು.

"ಹತ್ತಕ್ಕೆ ಬನ್ನಿ, ಐದಕ್ಕೆ ಹೋಗಿ, ಸಂಬಳ ತಗೊಳ್ಳಿ ಅಕ್ಕಾ. ಅದೇನ್ ಕಷ್ಟ?" ಎನ್ನುತ್ತಿದ್ದಳು ನೂರ್‌ಜಹಾನ್.

ಹೊಸ ಮನೆಗೆ ಹೋದ ಮೇಲೆ ಬರ್ತೀನಿ ಎಂದು ಗೋದಾ ಮಾತು ಕೊಟ್ಟಳು. ಕೆಲಸವಿಲ್ಲದ ಮನೆ ಬರುತ್ತಿದೆಯಲ್ಲ.

ಮನೆ ಟ್ರೈಲರ್ ಮೇಲೆ ಬಂತು. ಕ್ರೇನು ಹಜಾರವನ್ನು ಎತ್ತಿ ಇಟ್ಟಿತು, ಮಲಗುವ ಕೋಣೆಯನ್ನು ಅದರ ಪಕ್ಕಕ್ಕೆ ಕೂರಿಸಿತು. ಅಡುಗೆಮನೆ ಸಿಂಕು, ನಲ್ಲಿ ಸಮೇತ ಸ್ವಲ್ಪ ಹೊತ್ತು ಆಕಾಶದಲ್ಲಿ ತೂಗಾಡಿತು. ತನ್ನ ಅಡುಗೆಮನೆ ತನ್ನ ಕೈಗೆ ಸಿಗದಷ್ಟು ದೂರ ಇದ್ದದ್ದನ್ನು ಗೋದಾ ನೋಡಿದ್ದು ಅದೇ ಮೊದಲು. ತುಂಬ ಹೊತ್ತು ನೋಡಲಾಗಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಕ್ರೇನಿನವರಿಗೆ, ಬೋಲ್ಟ್ ಬಿಗಿಯುವವರಿಗೆ, ನೋಡಲು ಬಂದ ನೆಂಟರಿಗೆ ಚಿತ್ರಾನ್ನ ಕಲಸಬೇಕಿತ್ತು. "ಎಷ್ಟು ಬೇಗ ಎದ್ದು ನಿಲ್ತು ನೋಡಿ, ಯಾರಿಗೂ ಏನೂ ಶ್ರಮ ಇಲ್ಲ" ಎಂದು ವೇಣುಗೋಪಾಲ ಎರಡನೇ ಸಲ ಚಿತ್ರಾನ್ನ ಹಾಕಿಸಿಕೊಂಡ.

ತಾನೇ ತಂಪಾಗುವ ಮನೆ ಹೇಗೆ ತಂಪಾಗುತ್ತದೆ ಎಂಬುದು ಪುಸ್ತಿಕೆಯ ಕೊನೆಯ ಪುಟದಲ್ಲಿತ್ತು. ರಾತ್ರಿ ಒಳಗೆ ಉಳಿದ ಬಿಸಿ ಹೋಗಲು, ಸೂರು ಮುಟ್ಟುವ ಎತ್ತರದಲ್ಲಿರುವ ವೆಂಟಿಲೇಟರುಗಳನ್ನು ನಸುಕಿನಲ್ಲೇ ಉದ್ದನೆಯ ಕೋಲಿನಿಂದ ತೆರೆಯಬೇಕು. ಬಿಸಿಲು ಏರುವ ಮುಂಚೆ ಮುಚ್ಚಬೇಕು. ಮಧ್ಯಾಹ್ನ ಪಡುವಣದ ಬಿದಿರಿನ ತಟ್ಟಿ ಇಳಿಸಬೇಕು, ಸಂಜೆ ಸುತ್ತಿ ಕಟ್ಟಬೇಕು. ದೊಡ್ಡಬಳ್ಳಾಪುರ ರಸ್ತೆಯ ಲಾರಿಗಳು ಎಬ್ಬಿಸುವ ಧೂಳನ್ನು ಸೋಲಾರ್ ಹಲಗೆಗಳ ಮೇಲಿಂದ ದಿನಾ ಒರೆಸಬೇಕು. ಒಂದು ತಪ್ಪಿದರೂ ಮನೆ ತಗಡಿನ ಡಬ್ಬ. ಇದಕ್ಕೆಲ್ಲ ಪುಸ್ತಿಕೆ ಇಟ್ಟ ಹೆಸರು 'ಬಳಕೆದಾರರ ಸಹಕಾರ'. ಮೊದಲಿನ ಪುಟಗಳನ್ನು ವೇಣುಗೋಪಾಲ ಬಾಯಿಪಾಠ ಮಾಡಿದ. ಕೊನೆಯ ಪುಟ ಗೋದಾಳ ಪಾಲಿಗೆ ಬಂತು.

ಅವಳು ಏಣಿ ಹತ್ತಿ ಇಳಿದು ಮುಗಿಸುವ ಹೊತ್ತಿಗೆ ಅವನು ಹಜಾರದಲ್ಲಿ ಥರ್ಮಾಮೀಟರ್ ಮುಂದೆ ಕೂತಿರುತ್ತಿದ್ದ. "ಹೊರಗೆ ಮೂವತ್ತೈದು, ಒಳಗೆ ಇಪ್ಪತ್ತೇಳು! ಫ್ಯಾನ್ ಕೂಡ ಹಾಕಿಲ್ಲ!" ಫೋಟೋ ತೆಗೆದು ನಿವೃತ್ತರ ವಾಟ್ಸಾಪ್ ಗುಂಪಿಗೆ ಹಾಕುವುದು ಮಾತ್ರ ಅವನ ಕೈಯಾರೆ ನಡೆಯುತ್ತಿದ್ದ ಕೆಲಸ.

ಅಂಗಡಿಯ ಮಾತೆತ್ತಿದರೆ ಅವನದು ಒಂದೇ ಉತ್ತರ. "ಹೋಗು, ನಾನೇನ್ ಬೇಡ ಅಂತೀನಾ? ಆದ್ರೆ ತಟ್ಟಿ ಇಳಿಸೋರು ಯಾರು? ಈ ಬೇಸಿಗೆ ಒಂದು ಕಳೀಲಿ."

ಆ ಬೇಸಿಗೆ ಕಳೆದು ಇನ್ನೊಂದು ಬಂತು. ನೂರ್‌ಜಹಾನ್ ಒಂದು ಶನಿವಾರ ಫೋನ್ ಮಾಡಿದಳು. "ಅಕ್ಕಾ, ಮದುವೆ ಸೀಸನ್ನು, ಬಟ್ಟೆ ರಾಶಿ ಬಿದ್ದಿದೆ. ಸೋಮವಾರ ಬಂದ್ರೆ ಬನ್ನಿ. ಇಲ್ಲಾಂದ್ರೆ ಬೇರೆಯವರನ್ನ ಇಟ್ಕೊತೀನಿ. ಬೇಜಾರ್ ಮಾಡ್ಕೋಬೇಡಿ."

"ಬರ್ತೀನಿ" ಎಂದಳು ಗೋದಾ. ಹೇಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಭಾನುವಾರ ಕಂಪನಿಯ ಇಂಜಿನಿಯರ್ ಪುನೀತ್ ಬಂದ. ಜೊತೆಗೆ ಅಬ್ಬಿಗೆರೆಯಲ್ಲಿ ಇದೇ ಮಾದರಿಯ ಮನೆ ಕೂರಿಸಿಕೊಂಡಿದ್ದ ಗುರುಚರಣ್, ಅವನ ಹೆಂಡತಿ ಗೌತಮಿ. ಇಬ್ಬರೂ ಆಫೀಸಿಗೆ ಹೋಗುವವರು. ಅವರ ಮನೆ ಸಂಜೆ ಬಾಗಿಲು ತೆಗೆದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ.

"ಅದೇ ಗೋಡೆ, ಅದೇ ಸೂರು ಸರ್. ನಿಮ್ಮನೆ ಮಾತ್ರ ಯಾಕೆ ಇಷ್ಟು ತಂಪು?" ಎಂದು ಪುನೀತ್ ಕೇಳಿದ. "ಒಂದು ವಾರ ಈ ಸಣ್ಣ ಡಬ್ಬಿಗಳನ್ನ ಮೂಲೆಮೂಲೆಗೂ ಅಂಟಿಸಿ ಹೋಗ್ತೀನಿ. ಬಿಸಿ ಎಷ್ಟು ಅಂತ ಅವೇ ಬರ್ಕೊಳ್ತವೆ."

ವೇಣುಗೋಪಾಲ ದಿಕ್ಕು, ಗಾಳಿ, ತನ್ನ ಆಯ್ಕೆ ಎಂದು ಶುರು ಮಾಡಿದ. ಗೌತಮಿ ಮೆಲ್ಲಗೆ ಎದ್ದು ಅಡುಗೆಮನೆಗೆ ಬಂದಳು. ಬಾಗಿಲ ಹಿಂದೆ ಒರಗಿಸಿದ್ದ ಕೋಲು ಕಣ್ಣಿಗೆ ಬಿತ್ತು.

"ಇದೇನ್ ಆಂಟಿ?"

ಗೋದಾ ಕಾಫಿ ಸೋಸುತ್ತಲೇ ಎಲ್ಲ ಹೇಳಿದಳು. ನಸುಕು, ಮಧ್ಯಾಹ್ನ, ಸಂಜೆ, ಏಣಿ, ಧೂಳು. ಉತ್ತರದ ಕಡೆಯ ಕೊಂಡಿ ಸಿಕ್ಕಿಕೊಳ್ಳುವುದನ್ನೂ.

ಗೌತಮಿ ಕೋಲನ್ನು ನೋಡಲಿಲ್ಲ, ಗೋದಾಳನ್ನು ನೋಡಿದಳು. "ಓ! ನಮ್ಮ ಟ್ರೈಲರಲ್ಲಿ ಈ ಪಾರ್ಟೇ ಬಂದಿರ್ಲಿಲ್ಲ."

ಇಬ್ಬರೂ ನಕ್ಕರು. ಗೋದಾ ಕಾಫಿ ತಟ್ಟೆ ಹಿಡಿದು ಹೊರಗೆ ಬಂದಾಗ ಪುನೀತ್ ಕೇಳುತ್ತಿದ್ದ: "ದಿನಾ ಯಾರಾದ್ರೂ ಏನಾದ್ರೂ ಆಪರೇಟ್ ಮಾಡ್ತೀರಾ ಸರ್?"

"ಛೇ ಛೇ! ಯಾರೂ ಏನೂ ಮುಟ್ಟಲ್ಲ. ತಾನೇ ತಂಪಾಗತ್ತೆ."

ಗೋದಾ ಲೋಟ ಗಂಡನ ಕೈಗೇ ಕೊಟ್ಟಳು. "ಹಂಗಾದ್ರೆ ರೀ, ನಾಳೆಯಿಂದ ನಾನು ನೂರ್‌ಜಹಾನ್ ಅಂಗಡಿಗೆ ಹೋಗ್ಬಹುದಲ್ಲ? ಇಲ್ಲಿ ನಂದೇನೂ ಕೆಲಸ ಇಲ್ವಲ್ಲ."

ಕಾಫಿ ಬಿಸಿಯಿತ್ತೋ ಏನೋ, ವೇಣುಗೋಪಾಲನ ಮುಖ ಕೆಂಪಾಯಿತು. ಪುನೀತ್ ನೋಡುತ್ತಿದ್ದ, ಗುರುಚರಣ್ ನೋಡುತ್ತಿದ್ದ, ಗೌತಮಿಯಂತೂ ರೆಪ್ಪೆ ಬಡಿಯದೆ ನೋಡುತ್ತಿದ್ದಳು.

"ಹೋಗು. ಯಾರ್ ಬೇಡ ಅಂದ್ರು?"

ಸೋಮವಾರ ಗೋದಾ ಕೋಲು ಮುಟ್ಟಲಿಲ್ಲ. ವೇಣುಗೋಪಾಲ ಪೇಪರ್ ಹಿಂದಿನಿಂದ ಕೆಮ್ಮಿದ. ಅವಳು ತಿಂಡಿ ಮಾಡಿಟ್ಟು, ತನ್ನ ಊಟದ ಡಬ್ಬಿ ಕಟ್ಟಿಕೊಂಡು, ಯಲಹಂಕದ ಬಸ್ಸು ಹತ್ತಿದಳು.

ಮನೆಯಲ್ಲಿ ಅವನು, ಮೂಲೆಮೂಲೆಯಲ್ಲಿ ಆ ಡಬ್ಬಿಗಳು. ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಂತೆ ಅವು ಸುಮ್ಮನೆ ಅವನನ್ನೇ ನೋಡುತ್ತಿದ್ದವು. ಇಷ್ಟು ವರ್ಷ ಬೇರೆಯವರ ಕೆಲಸವನ್ನು ಪಾಸು ಫೇಲು ಮಾಡಿದ್ದ ಮನುಷ್ಯ. ಬಿಸಿಲು ಕಿಟಕಿಯ ಅಂಚು ಮುಟ್ಟುವವರೆಗೆ ತಡೆದುಕೊಂಡ. ಆಮೇಲೆ ಬಾಗಿಲು ಚಿಲಕ ಹಾಕಿ, ಕೋಲು ತೆಗೆದುಕೊಂಡ.

ಪಂಚೆ ಎತ್ತಿ ಕಟ್ಟಿ, ಮಾಪು ಹಿಡಿದು ಸೂರಿನ ಮೇಲಿದ್ದವನನ್ನು ಹಿಂದಿನ ತೋಟದ ಮುನಿವೆಂಕಟಯ್ಯ ನೋಡಿಬಿಟ್ಟ.

"ಏನ್ ಸ್ವಾಮಿ, ಮ್ಯಾಲ್ ಅತ್ಕಂಡಿದೀರಾ?"

"ಸುಮ್ನೆ, ಗಾಳಿಗೆ."

"ಗಾಳಿಗೆ ಇಂಗೆ ಮಾಪ್ ಇಡ್ಕಂಡ್ ಓಗ್ತಾರಾ?"

ಸಂಜೆ ಗೋದಾ ಬಂದಾಗ ಮನೆಯೆಲ್ಲ ನೋವಿನ ಮುಲಾಮಿನ ವಾಸನೆ. ತಟ್ಟಿಯನ್ನು ಓರೆಯಾಗಿ ಸುತ್ತಿ ಕಟ್ಟಲಾಗಿತ್ತು. ಅವಳು ಚಪ್ಪಲಿ ಬಿಟ್ಟು, ಫ್ಯಾನ್ ಹಾಕದ ಹಜಾರದಲ್ಲಿ ತಂಪಾಗಿ ಕೂತಳು.

"ಏನ್ ಮಾಡಿದ್ರಿ ಇಡೀ ದಿನ?"

ವೇಣುಗೋಪಾಲ ಬಾಯಿ ತೆರೆದ. ಹೇಳಿಕೊಳ್ಳಲು ಬೆಳಗಿನಿಂದ ಕೂಡಿಟ್ಟದ್ದು ಬೇಕಾದಷ್ಟಿತ್ತು. ಹೇಳುವಂತಿರಲಿಲ್ಲ.

"ಏನಿಲ್ಲ. ಮನೇಲೇ ಇದ್ದೆ."

ವಾರ ಮುಗಿದ ಮೇಲೆ ಪುನೀತ್ ಬಂದು ಲೆಕ್ಕ ನೋಡಿ ಕುಣಿದಾಡಿದ. "ನೀವು ಹೇಳಿದ್ದೇ ಸರಿ ಸರ್! ಮೇಡಮ್ ಮನೇಲಿ ಇಲ್ದೇ ಇದ್ರೂ ಅಷ್ಟೇ ತಂಪು. ಅಂದ್ರೆ ಎಲ್ಲಾ ನಮ್ಮ ಗೋಡೆದೇ ಕಮಾಲ್. ಅಬ್ಬಿಗೆರೆಯವರೇ ಏನೋ ತಪ್ಪು ಮಾಡ್ತಿದಾರೆ."

"ಇಲ್ಲ, ಅಂದ್ರೆ... ಗೋಡೆ ಒಂದೇ ಅಲ್ಲ..." ಎಂದ ವೇಣುಗೋಪಾಲ, ಮೊಣಕಾಲು ನೀವಿಕೊಳ್ಳುತ್ತ.

"ಮತ್ತೇನ್ ಸರ್?"

"ಏನಿಲ್ಲ."

"ಡಬ್ಬಿಗಳು ಹಂಗೇ ಇರ್ಲಿ ಸರ್. ಈ ಬೇಸಿಗೆ ಒಂದು ಕಳೀಲಿ."

ಒಳಗೆ ಊಟದ ಡಬ್ಬಿ ಕಟ್ಟಿಕೊಳ್ಳುತ್ತಿದ್ದ ಗೋದಾಗೆ ಆ ಮಾತು ಚೆನ್ನಾಗಿ ಕೇಳಿಸಿತು.

ಅದೇ ದಿನ ಮಧ್ಯಾಹ್ನ, ಅವಳು ಮದುಮಗಳೊಬ್ಬಳ ರೇಷ್ಮೆ ಹರಡಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಾಗ ಫೋನ್ ಬಂತು.

"ಗೋದಾ, ಉತ್ತರದ ವೆಂಟಿಲೇಟರ್ ಇವತ್ತು ಮುಚ್ಚಕ್ಕೇ ಬರ್ತಿಲ್ಲ ಕಣೇ. ಬಿಸಿಗಾಳಿ ನುಗ್ತಾ ಇದೆ. ನೀನು ಹೇಗೆ ಮುಚ್ತಿದ್ದೆ?"

"ನಾನಾ? ಯಾರೂ ಏನೂ ಮುಟ್ಟಲ್ಲ ಅಂತ ಹೇಳಿದ್ರಲ್ಲ."

ಆ ಕಡೆ ಏದುಸಿರು, ಅದರ ಹಿಂದೆ ಲಾರಿಯ ಹಾರ್ನು. ಗೋದಾ ಗೆರೆ ಪೂರ್ತಿ ಎಳೆದು ಮುಗಿಸಿದಳು.

"ಕೋಲಿನ ತುದಿಯಿಂದ ಕೊಂಡಿ ಕೆಳಗೆ ಒಂದೇಟು ಹಾಕಿ, ಆಮೇಲೆ ತಳ್ಳಿ. ಮೆತ್ತಗೆ. ಮುರಿದ್ರೆ ಅದು ತಾನೇ ರಿಪೇರಿ ಆಗಲ್ಲ."

ಫೋನ್ ಮಗುಚಿಟ್ಟು ಕತ್ತರಿ ಎತ್ತಿಕೊಂಡಳು.