ಮಹಡಿ ಮನೆ ಅಂಕಲ್ ಕಟ್ಟಿದ ಆಂಪ್ಲಿಫೈಯರ್

ಮೊನ್ನೆ ಸಾರಕ್ಕಿಯಲ್ಲಿ ಮಿಕ್ಸಿ ರಿಪೇರಿಗೆ ಕೊಟ್ಟು ಅಂಗಡಿ ಮುಂದೆ ನಿಂತಿದ್ದೆ. ಒಳಗೆ ಬೆಸುಗೆ ಹಾಕುವಾಗ ಎದ್ದ ಹೊಗೆ ಮೂಗಿಗೆ ಬಡಿಯಿತು. ಸುಟ್ಟ ರಾಳದ, ಸ್ವಲ್ಪ ಸಿಹಿಯಾದ ಘಾಟು... ತಿಲಕ್ ನಗರದಲ್ಲಿ ನಾವು ಬಾಡಿಗೆಗಿದ್ದಾಗ, ನನ್ನ ಒಗ್ಗರಣೆಯನ್ನೂ ಮೀರಿಸಿ ಭಾನುವಾರ ಬೆಳಗ್ಗೆ ಮಹಡಿಯಿಂದ ಇಳಿದು ಬರುತ್ತಿದ್ದ ವಾಸನೆಯೇ ಅದು.

ಮಹಡಿಯಲ್ಲಿದ್ದ ಅಂಕಲ್ ನಿವೃತ್ತರಾದ ಮೇಲೆ ಕೈಯಾರೆ ಒಂದು ಆಂಪ್ಲಿಫೈಯರ್ ಕಟ್ಟಲು ಕೂತಿದ್ದರು. ಕಿವಿ ಮಂದವಾಗಿದೆ, ಡಾಕ್ಟರಿಗೆ ತೋರಿಸಿ ಎಂದು ಆಂಟಿ ಹೇಳಿ ಹೇಳಿ ಸೋತಿದ್ದರು. ತಮ್ಮ ಕಿವಿಗೇನೂ ಆಗಿಲ್ಲ, ಟೀವಿಯ ಸ್ಪೀಕರೇ ಸರಿಯಿಲ್ಲ ಎಂಬುದು ಅಂಕಲ್ ವಾದ. ಒಳ್ಳೆಯ ಆಂಪ್ಲಿಫೈಯರ್ ಒಂದನ್ನು ಕಟ್ಟಿ ಅದನ್ನು ತೋರಿಸಿಕೊಡುವ ಹಟ ಅವರದು.

"ನಾನು ಕೂಗಿದ್ರೆ ತಿಲಕ್ ನಗರಕ್ಕೆಲ್ಲ ಕೇಳತ್ತೆ, ಇವರೊಬ್ಬರನ್ನ ಬಿಟ್ಟು," ಎನ್ನುತ್ತಿದ್ದರು ಆಂಟಿ.

ಹೊಸದಾಗಿ ಕಟ್ಟಿದ್ದನ್ನು ಅಂಕಲ್ ನೇರವಾಗಿ ಕರೆಂಟಿಗೆ ಕೊಡುತ್ತಿರಲಿಲ್ಲ. ನಡುವೆ ಒಂದು ಹಳೇ ಬಲ್ಬು ಸೇರಿಸುತ್ತಿದ್ದರು. ಅದು ಧಗಧಗ ಉರಿದರೆ ಒಳಗೆಲ್ಲೋ ಶಾರ್ಟ್ ಆಗಿದೆ ಎಂದರ್ಥ; ಒಮ್ಮೆ ಮಿಂಚಿ ಮಂಕಾದರೆ ಕ್ಷೇಮ. ಬಲ್ಬು ಉರಿದೊಡನೆ ಆರಿಸಲು ಗೋಡೆಯ ಸ್ವಿಚ್ಚಿನ ಹತ್ತಿರ ಇನ್ನೊಬ್ಬರು ನಿಂತಿರಲೇಬೇಕು. ಆಂಟಿ ಬೇಸತ್ತು ಬಿಟ್ಟ ಮೇಲೆ ಆ ಕೆಲಸ ನನಗೆ ಬಂತು.

ಎಷ್ಟೋ ಭಾನುವಾರ ಬಲ್ಬು ಉರಿದೇ ಉರಿಯಿತು. ಕೊನೆಗೆ, ಟ್ರಾನ್ಸಿಸ್ಟರ್ ಪೆಟ್ಟಿಗೆಯ ಲೋಹಕ್ಕೆ ತಾಕದಂತೆ ಅದರ ಕೆಳಗೆ ಇಡುವ ತೆಳ್ಳನೆಯ ಮೈಕಾ ಹಾಳೆ ಹರಿದಿದ್ದು ಸಿಕ್ಕಿತು. ಬದಲಾಯಿಸಿದರು. ಬಲ್ಬು ಮಿಂಚಿ ಮಂಕಾಯಿತು, ಅವರ ಮುಖ ಅರಳಿತು.

ಹಾಡು ಹಾಕದೆ ವಾಲ್ಯೂಮ್ ಪೂರ್ತಿ ತಿರುಗಿಸಿ ಸ್ಪೀಕರಿಗೆ ಕಿವಿ ಹಚ್ಚಿದರು. ಒಂಚೂರೂ ಸದ್ದಿಲ್ಲ ಎಂದು ಬೀಗಿದರು. ನನಗೆ ಸ್ವಿಚ್ಚಿನ ಹತ್ತಿರಕ್ಕೇ ಕೇಳುತ್ತಿತ್ತು.

"ಸುಯ್ ಅಂತಿದೆಯಲ್ಲ ಅಂಕಲ್."

ಅವರು ನಂಬಲಿಲ್ಲ; ಆಂಟಿಯನ್ನು ಕರೆದರು. ಆಂಟಿ ಸೆರಗಿಗೆ ಕೈ ಒರೆಸಿಕೊಂಡು ಬಂದು, ಕುಕ್ಕರ್ ಕೂಗುವ ಮುಂಚೆ ಬರುವ ಸದ್ದಿನ ಥರ ಇದೆ ಎಂದರು. ಅಂಕಲ್ ಮೀಟರ್ ಹಿಡಿದು ಒಂದೊಂದೇ ಜಾಗ ಅಳೆದರು. ವೈರ್ ಬದಲಾಯಿಸಿದರು, ಸ್ಪೀಕರ್ ಬದಲಾಯಿಸಿದರು. ನಾವಿಬ್ಬರೂ ಮತ್ತೆ ಅದನ್ನೇ ಹೇಳಿದೆವು.

"ಫುಲ್ ವಾಲ್ಯೂಮಲ್ಲಿ ಅಷ್ಟು ಸುಯ್ ಇರತ್ತಮ್ಮ. ಇದು ಸರಿಯಾಗೇ ಇದೆ," ಎಂದು ಮೀಟರ್ ಕೆಳಗಿಟ್ಟರು. ಇನ್ನೊಮ್ಮೆ ಸ್ಪೀಕರಿಗೆ ಕಿವಿ ಹಚ್ಚಿ ನೋಡಿ, "ಎಲ್ಲ ಚೆಕ್ ಮಾಡಾಯ್ತು. ಉಳಿದಿದ್ದು ನನ್ನ ಕಿವಿ ಒಂದೇ," ಅಂದರು.

ಆಂಟಿ ಅಣಕಿಸಲಿಲ್ಲ. ಒಳಗೆ ಹೋಗಿ ಕಾಫಿ ತಂದುಕೊಟ್ಟರು.

ಆ ವಾರವೇ ಇಬ್ಬರೂ ಜಯನಗರದ ಡಾಕ್ಟರ ಹತ್ತಿರ ಹೋದರು. ಕಿವಿಗೆ ಮಿಷನ್ ಬಂತು. ಆಮೇಲೆ ಅಂಕಲ್ ಗೊಣಗಾಟವೇ ಉಲ್ಟಾ ಆಯಿತು: "ಮೆಲ್ಲಗೆ ಮಾತಾಡೇ, ಕಿವಿ ಗುಂಯ್ ಅನ್ನತ್ತೆ." ಆಂಟಿ ನಿಧಾನವಾಗಿ ದನಿ ತಗ್ಗಿಸುವುದನ್ನು ಕಲಿತರು. ಸಂಜೆ ಇಬ್ಬರೂ ಮಹಡಿಯಲ್ಲಿ ಕೂತು ಮಾತಾಡುತ್ತಿದ್ದರೆ ಕೆಳಗಿದ್ದ ನಮಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ...

ಅಂಕಲ್ ಹೋಗಿ ಕೆಲವು ವರ್ಷಗಳಾದವು. ಆಂಟಿ ಈಗ ಗಿರಿನಗರದಲ್ಲಿ ತಂಗಿಯ ಜೊತೆಗಿದ್ದಾರೆ. ಮೊನ್ನೆ ಮಿಕ್ಸಿ ಅಂಗಡಿಯಿಂದ ಮನೆಗೆ ಬಂದವಳೇ ಅವರಿಗೆ ಫೋನ್ ಮಾಡಿದೆ. ಮಕ್ಕಳ ವಿಷಯ, ಮಂಡಿನೋವು ಎಲ್ಲ ಮಾತಾಡಿದರು, ಅಂಕಲ್‌ಗೆ ಹಿತವಾಗುತ್ತಿದ್ದ ಅದೇ ಮೆಲುದನಿಯಲ್ಲಿ. ಅರ್ಧಕ್ಕರ್ಧ ನನಗೆ ಕೇಳಿಸಲಿಲ್ಲ. ಜೋರಾಗಿ ಹೇಳಿ ಎನ್ನಲು ಮನಸ್ಸು ಬರದೆ, ಫೋನನ್ನೇ ಕಿವಿಗೆ ಇನ್ನಷ್ಟು ಒತ್ತಿಕೊಂಡೆ.